ಕೋಟೆ ಮಣ್ಣಿನ ಕಪ್ಪು

ಪ್ರವಾಸಿ ಊರುಗಳಲ್ಲೆಲ್ಲ ಒಂದೇ ಅಂಗಡಿ ಇರುತ್ತದೆ ಅಂತ ನನಗೆ ಬಹಳ ದಿನದಿಂದ ಅನುಮಾನ. ಬೋರ್ಡು ಬೇರೆ, ಮಾಲು ಅದೇ. ಗೋಕರ್ಣದಲ್ಲಿ ನೋಡಿದ ಚಿಪ್ಪಿನ ಕನ್ನಡಿ ಸಮುದ್ರದಿಂದ ನೂರಾರು ಮೈಲಿ ದೂರದ ಹಂಪಿಯಲ್ಲೂ ಸಿಗುತ್ತದೆ. ಹಂಪಿಯ ಕಲ್ಲಿನ ರಥದ ಬೊಂಬೆ ಮಡಿಕೇರಿಯಲ್ಲಿ ಕಾಫಿಪುಡಿ ಪೊಟ್ಟಣದ ಪಕ್ಕ ಕೂತಿರುತ್ತದೆ. ಕೀ ಚೈನಿನ ಮೇಲೆ ಊರಿನ ಹೆಸರೊಂದು ಬದಲಾಗಿರುತ್ತದೆ, ಅಷ್ಟೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಕೂತ ಯಾರೋ ನಮ್ಮ ಪ್ರವಾಸಗಳನ್ನೆಲ್ಲ ಮೊದಲೇ ಊಹಿಸಿ, ಡಜನ್ ಲೆಕ್ಕದಲ್ಲಿ ನೆನಪುಗಳನ್ನು ತಯಾರಿಸಿ ಕಳಿಸುತ್ತಿದ್ದಾರೆ. ನಾವೂ ಚೌಕಾಸಿ ಮಾಡಿ ಕೊಂಡು ತಂದು, ಷೋಕೇಸಿನಲ್ಲಿಟ್ಟು, ಮುಂದಿನ ದಸರೆಗೆ ಧೂಳು ಒರೆಸುವಾಗ 'ಇದು ಎಲ್ಲಿಂದ ತಂದದ್ದು?' ಅಂತ ಮನೆಯವರನ್ನೇ ಕೇಳುತ್ತೇವೆ.

ಬೀದರಿಗೆ ಹೊರಟಾಗ ಅತ್ತಿಗೆಯ ಕೈಯಲ್ಲಿ ಒಂದು ಪಟ್ಟಿ ಇತ್ತು. ಮಗಳ ಸಂಗೀತದ ಮೇಷ್ಟ್ರಿಗೆ ಒಂದು, ನಾವಿಲ್ಲದಾಗ ಗಿಡಗಳಿಗೆ ನೀರು ಹಾಕುವ ಪಕ್ಕದ ಮನೆಯವರಿಗೆ ಒಂದು, ಅಣ್ಣನ ಆಫೀಸಿನಲ್ಲಿ ನಿವೃತ್ತರಾಗುತ್ತಿರುವ ಒಬ್ಬರಿಗೆ 'ಸ್ವಲ್ಪ ದೊಡ್ಡದು' ಒಂದು, ಜೊತೆಗೆ 'ಯಾರಿಗಾದರೂ ಕೊಡಲಿಕ್ಕೆ ಇರಲಿ' ಅಂತ ಲೆಕ್ಕವಿಲ್ಲದಷ್ಟು ಚಿಕ್ಕಪುಟ್ಟವು. ಎಲ್ಲಕ್ಕೂ ಎದುರಿಗೆ 'ಬಿದರಿ' ಅಂತ ಬರೆದುಕೊಂಡಿದ್ದರು. ಅಣ್ಣ ಪಟ್ಟಿ ನೋಡಿ, ಕೋಟೆ ನೋಡಲು ಸಮಯ ಸಿಗುತ್ತದೋ ಇಲ್ಲವೋ ಎಂದು ಗೊಣಗಿದ. ಅವನಿಗೆ ಆಗ ಗೊತ್ತಿರಲಿಲ್ಲ, ಬೀದರಿನಲ್ಲಿ ಕೋಟೆ ನೋಡುವುದೂ ಬಿದರಿ ಕೊಳ್ಳುವುದೂ ಒಂದೇ ಕೆಲಸದ ಎರಡು ಭಾಗ ಅಂತ.

ಬೀದರ್ ನಮ್ಮ ರಾಜ್ಯದ ನೆತ್ತಿಯ ಮೇಲಿದೆ. ಬೆಂಗಳೂರಿಗಿಂತ ಹೈದರಾಬಾದೇ ಇಲ್ಲಿನವರಿಗೆ ಹತ್ತಿರ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಜವಳಿಗೂ ಅಲ್ಲಿಗೇ. ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು, ಬೇಸಿಗೆಯಲ್ಲೂ ಸಂಜೆಗೆ ಗಾಳಿ. ಒಂದೇ ಚಹಾದಂಗಡಿಯ ಮುಂದೆ ಕನ್ನಡ, ದಖ್ಖನಿ, ಮರಾಠಿ, ತೆಲುಗು ನಾಲ್ಕೂ ಕೇಳಿಸುತ್ತವೆ, ಕೆಲವೊಮ್ಮೆ ಒಬ್ಬನ ಬಾಯಲ್ಲೇ. ಇವುಗಳ ಮೇಲೆ ಪಂಜಾಬಿ ಬೇರೆ. ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಬರುವ ಯಾತ್ರಿಗಳಿಗಾಗಿ ಅದರ ಸುತ್ತಲ ಅಂಗಡಿಗಳಲ್ಲಿ ಉಕ್ಕಿನ ಕಡಗ, ಕೃಪಾಣ, ಕೇಸರಿ ರುಮಾಲು ಜೋತುಬಿದ್ದಿವೆ. ಖಾಲ್ಸಾದ ಮೊದಲ ಐವರು ಪಂಚಪ್ಯಾರರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬ ನಂಟು ಇರುವುದರಿಂದ ಆ ಕಡಗಕ್ಕೂ ಇಲ್ಲಿ ಒಂದು ಹಕ್ಕಿದೆ ಅನ್ನಿ. ಉಳಿದದ್ದೆಲ್ಲ ಆ 'ಒಂದೇ ಅಂಗಡಿ'ಯ ಮಾಲು. ಅತ್ತಿಗೆ ಅಲ್ಲಿ ನಿಲ್ಲಲೇ ಇಲ್ಲ.

ಊರಿನ ನಡುವೆ ಚೌಬಾರಾ ಎಂಬ ದುಂಡನೆಯ ಕಾವಲು ಗೋಪುರವಿದೆ. ಎಲ್ಲ ರಸ್ತೆಗಳೂ ಅದಕ್ಕೆ ಸುತ್ತು ಹಾಕಿಯೇ ಮುಂದೆ ಹೋಗಬೇಕು. ಅಲ್ಲಿಂದ ಮಹಮೂದ್ ಗವಾನನ ಮದರಸಾದ ಕಡೆಗೆ ತಿರುಗಿದರೆ ದಾರಿಯಲ್ಲಿ, ಆಚೀಚಿನ ಗಲ್ಲಿಗಳಲ್ಲಿ ಬಿದರಿ ಅಂಗಡಿಗಳು. ಮುಂದೆ ಗಾಜಿನ ಬೀರು, ಹಿಂದೆ ಕಾರ್ಖಾನೆ. ಕಾರ್ಖಾನೆ ಅಂದರೆ ನಾಲ್ಕು ಜನ ಚಾಪೆಯ ಮೇಲೆ ಕೂರುವಷ್ಟು ಜಾಗ. ಅಂಗಡಿ ಹುಡುಕುವುದಕ್ಕೆ ಬೋರ್ಡು ಬೇಕಾಗಿಲ್ಲ, ಕಿವಿ ಸಾಕು. ಚಿಕ್ಕ ಸುತ್ತಿಗೆಯ ಸದ್ದು ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲುವುದಿಲ್ಲ.

ನಾವು ಹೊಕ್ಕ ಅಂಗಡಿಯ ಹಿರಿಯರು ಬೀರು ತೆಗೆಯುವ ಮೊದಲೇ ಚಹಾ ತರಿಸಿದರು. ಅತ್ತಿಗೆ ಪಟ್ಟಿ ಬಿಚ್ಚಿದರು. ಹಿರಿಯರು ಪಟ್ಟಿ ನೋಡಲಿಲ್ಲ. "ಅಕ್ಕಾ, ಮೊದ್ಲು ಒಳಗ ಬಂದು ನೋಡ್ರಿ. ನೋಡಿದ ಮ್ಯಾಲೆ ರೇಟು ಕೇಳ್ರಿ. ನೋಡದೆ ಕೇಳಿದ್ರ ನಿಮಗ ಭಾರಿ ಅನಸ್ತದ," ಎಂದರು. ಇದು ವ್ಯಾಪಾರದ ಜಾಣತನವೇ ಇರಬಹುದು. ಆದರೆ ಮಾತು ನಿಜ. ಬಿದರಿಯನ್ನು ಬೀರಿನಲ್ಲಿ ನೋಡಿದವರಿಗೆ ಅದು ಕಪ್ಪು ಬಣ್ಣ ಬಳಿದು ಬೆಳ್ಳಿ ಗೆರೆ ಎಳೆದ ಹೂದಾನಿ, ಅಷ್ಟೇ. ಹಾಗೆ ನೋಡಿದರೆ ಅದರ ಬೆಲೆ ಯಾರಿಗಾದರೂ ಹೆಚ್ಚೆನಿಸುತ್ತದೆ.

ಒಳಗೆ ಮೂಲೆಯಲ್ಲಿ ಎರಕದ ಕೆಲಸ. ಬಿದರಿಯ ಒಡಲು ಸತುವಿನದು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ಎಲ್ಲರೂ ಹೇಳುವ ಲೆಕ್ಕ, ಕಣ್ಣಂದಾಜಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಸತು ಸುಮಾರು 420 ಡಿಗ್ರಿಗೇ ಕರಗುವುದರಿಂದ ದೊಡ್ಡ ಕುಲುಮೆ ಬೇಡ. ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಬೆರೆಸಿ ಮಾಡಿದ ಅಚ್ಚಿನೊಳಗೆ ಕರಗಿದ್ದನ್ನು ಹುಯ್ಯುತ್ತಾರೆ. ಆರಿದ ಮೇಲೆ ಅಚ್ಚು ಒಡೆದರೆ ಒಳಗಿಂದ ಬರುವುದು ಬೂದು ಬಣ್ಣದ, ಒರಟು ಮೈಯ, ಯಾರೂ ಎರಡನೇ ಸಲ ತಿರುಗಿ ನೋಡದಂಥ ಒಂದು ಪಾತ್ರೆ. ಅದನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಈ ಭಾಗಕ್ಕೆ ಈಗ ಮೋಟಾರಿನ ಚಕ್ರ ಬಂದಿದೆ. ಮುಂದಿನದಕ್ಕೆ ಕೈಯೇ ಗತಿ.

ನಯವಾದ ಪಾತ್ರೆಗೆ ಮೈಲುತುತ್ತದ ನೀರು ಸವರಿದರು. ಬೂದು ಮೈ ಕಪ್ಪಿಟ್ಟಿತು. ಇದು ಬಿದರಿಯ ಕಪ್ಪಲ್ಲ, ಗೆರೆ ಕಾಣಲಿ ಅಂತ ಹಾಕಿದ ತಾತ್ಕಾಲಿಕ ಕಪ್ಪು, ಮುಂದೆ ಅಳಿಸಿ ಹೋಗುತ್ತದೆ. ಆ ಮೈಯ ಮೇಲೆ ಒಬ್ಬರು ಉಕ್ಕಿನ ಮೊನೆಯಿಂದ ಬಳ್ಳಿ ಎಳೆಯತೊಡಗಿದರು. ಕಾಗದದ ಮಾದರಿ ಇಲ್ಲ, ಕಾರ್ಬನ್ ಇಲ್ಲ, ಅಳತೆಪಟ್ಟಿಯೂ ಇಲ್ಲ. ಹೂದಾನಿಯ ಕೊರಳು ಸುತ್ತಿ ಬಂದ ಬಳ್ಳಿ ಹೊರಟಲ್ಲಿಗೇ ಬಂದು ಸೇರಿದಾಗ ಕೊನೆಯ ಎಲೆಗೂ ಮೊದಲ ಎಲೆಗೂ ನಡುವೆ ಒಂದು ಕೂದಲಿನಷ್ಟೂ ತೆರಪು ಉಳಿದಿರಲಿಲ್ಲ. ಅಣ್ಣ ಎಂಜಿನಿಯರು, ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

ಅದರ ಪಕ್ಕದಲ್ಲೇ ಕೆತ್ತನೆ ನಡೆಯುತ್ತಿತ್ತು. ಪಾತ್ರೆಯನ್ನು ಒಂದು ಗುಂಡುಕಲ್ಲಿನ ಮೇಲೆ ಮೇಣದಿಂದ ಅಂಟಿಸಿ ಅಲುಗದಂತೆ ಕೂರಿಸಿದ್ದರು. ಕೆತ್ತುವವನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಎಡಗೈಯ ಬೆರಳುಗಳಲ್ಲಿ ಉಳಿ, ಬಲಗೈಯಲ್ಲಿ ಅಂಗೈಯಷ್ಟು ದೊಡ್ಡದಲ್ಲದ ಸುತ್ತಿಗೆ. ಗೆರೆಯ ಮೇಲೆ ಉಳಿ ಸಾಗಿದಂತೆ ಸತುವಿನ ಸಣ್ಣ ಸಣ್ಣ ಸುರುಳಿ ಎದ್ದು ಉದುರುತ್ತಿತ್ತು. ಉಳಿಯ ಹಿಂದೆ ಬಿಳಿಯ ಕಾಲುವೆ ಉಳಿಯುತ್ತಿತ್ತು. ಆ ಕಾಲುವೆಯ ತಳ ಒಂದೇ ಸಮವಾಗಿರಬೇಕು, ಅಂಚು ಒಳಮುಖವಾಗಿ ಕೊಂಚ ಕೊರೆದಿರಬೇಕು. ಇಲ್ಲದಿದ್ದರೆ ಮುಂದೆ ಬೆಳ್ಳಿ ಹಿಡಿದು ನಿಲ್ಲುವುದಿಲ್ಲ. ಬೆಸುಗೆ, ಅಂಟು ಯಾವುದೂ ಇಲ್ಲ. ಲೋಹ ಲೋಹವನ್ನು ಹಿಡಿದುಕೊಂಡಿರುವುದು ಸುತ್ತಿಗೆಯ ಪೆಟ್ಟೊಂದರಿಂದ.

ಬೆಳ್ಳಿ ಕೂರಿಸುವ ಕೆಲಸದಲ್ಲಿದ್ದವರು ಒಬ್ಬ ಹೆಂಗಸು. ತೊಡೆಯ ಮೇಲೆ ಹಳೆಯ ಸೀರೆಯ ತುಂಡು ಹಾಸಿಕೊಂಡಿದ್ದರು, ಉದುರಿದ ಬೆಳ್ಳಿ ನೆಲಕ್ಕೆ ಬೀಳಬಾರದಲ್ಲ. ಕೂದಲಿನಂಥ ಶುದ್ಧ ಬೆಳ್ಳಿಯ ತಂತಿಯನ್ನು ಕಾಲುವೆಯ ಬಾಯಿಗೆ ಹಿಡಿದು ಮೆಲ್ಲಗೆ ತಟ್ಟುತ್ತಾ ಹೋಗುವುದು, ತಿರುವು ಬಂದಲ್ಲಿ ತಂತಿಯನ್ನು ಉಗುರಿನಿಂದ ಬಗ್ಗಿಸುವುದು, ಮುಗಿದಲ್ಲಿ ಉಳಿಯ ಮೊನೆಯಿಂದ ಕಡಿಯುವುದು. ಹೂವಿನ ಎಸಳಿಗೆ ತಂತಿ ಸಾಲದು. ಅಲ್ಲಿಗೆ ಬೆಳ್ಳಿಯ ತೆಳು ತಗಡನ್ನು ಎಸಳಿನ ಆಕಾರಕ್ಕೇ ಕತ್ತರಿಸಿ ಕೂರಿಸಬೇಕು. ತಂತಿಯ ಕೆಲಸಕ್ಕೆ ತಾರ್‌ಕಷಿ ಅಂತಲೂ ತಗಡಿನದಕ್ಕೆ ತೆಹ್‌ನಿಶಾನ್ ಅಂತಲೂ ಹೇಳುತ್ತಾರೆ. ಬೆಳ್ಳಿ ಮೈಯಿಂದ ಉಬ್ಬಿ ನಿಂತರೆ ಜರ್‌ನಿಶಾನ್. ಇವೆಲ್ಲದರ ತಿರುವುಮುರುವು ಒಂದಿದೆ, ಆಫ್ತಾಬಿ. ಅದರಲ್ಲಿ ಬೆಳ್ಳಿಯೇ ಹಿನ್ನೆಲೆ, ಹೂವು ಕಪ್ಪು. ಅತ್ತಿಗೆಗೆ ಅದೇ ಹಿಡಿಸಿತು. ಬೆಲೆ ಕೇಳಿ ಕೆಳಗಿಟ್ಟರು.

"ಒಂದು ದಿನಕ್ಕೆ ಎಷ್ಟು ಆಗ್ತದಮ್ಮ?" ಅಂತ ಅತ್ತಿಗೆ ಆ ಹೆಂಗಸನ್ನು ಕೇಳಿದರು. ಅವರು ತಲೆ ಎತ್ತದೆ, "ಲಾಕೆಟ್ ಆದ್ರ ಹತ್ತರ ಹತ್ತಿರ ಆಗ್ತಾವ್ರಿ. ಇಂಥ ಸುರಾಹಿ ಹಿಡಿದ್ರ ತಿಂಗಳೂ ಹಿಡೀತದ," ಎಂದರು. ತಿಂಗಳು ಕೂತ ಸುರಾಹಿಗೂ ದಿನದಲ್ಲಿ ಮುಗಿಯುವ ಲಾಕೆಟ್ಟಿಗೂ ಅಂಗಡಿಯಲ್ಲಿ ತಕ್ಕಡಿ ಒಂದೇ: ಎಷ್ಟು ಗ್ರಾಂ ಬೆಳ್ಳಿ ಹಿಡಿಯಿತು ಅನ್ನುವುದು. ಬೆಳ್ಳಿಯನ್ನು ತೂಕ ಮಾಡಿ ಕೊಟ್ಟು, ಉದುರಿದ್ದನ್ನು ತೂಕ ಮಾಡಿ ವಾಪಸು ಪಡೆಯುತ್ತಾರೆ. ಕೂತ ದಿನಗಳಿಗೆ ಅಷ್ಟು ಕರಾರುವಾಕ್ಕಾದ ತಕ್ಕಡಿ ಇಲ್ಲ, ತುಂಡಿಗಿಷ್ಟು ಕೂಲಿ ಅಂತ ಮಾತು. ಬೆಳ್ಳಿಯ ಬೆಲೆ ಕೆಜಿಗೆ ಲಕ್ಷ ದಾಟಿದ ಮೇಲೆ ಮಾಲಿನ ಬೆಲೆ ಏರಿದೆ. ಏರಿದ ಪಾಲು ಹೋಗುವುದು ಬೆಳ್ಳಿಗೆ, ಬೆರಳಿಗಲ್ಲ. ಕೊಳ್ಳುವವರು ಹಿಂದೆಗೆದರೆ ಕೆಲಸ ಕಡಿಮೆಯಾಗುವುದು ಮಾತ್ರ ಬೆರಳಿಗೆ.

ಇಷ್ಟೆಲ್ಲ ಆಗಿ, ಮತ್ತೆ ಉಜ್ಜಿ, ತಾತ್ಕಾಲಿಕ ಕಪ್ಪು ಅಳಿದ ಮೇಲೆ ಪಾತ್ರೆ ನೋಡಿದರೆ ನಿರಾಸೆಯಾಗುತ್ತದೆ. ಬೂದು ಸತುವಿನ ಮೇಲೆ ಬಿಳಿ ಬೆಳ್ಳಿ, ಒಂದಕ್ಕೊಂದು ಕಲೆಸಿ, ಚಿತ್ತಾರ ಇದೆಯೋ ಇಲ್ಲವೋ ಅನ್ನುವ ಹಾಗೆ. ಇನ್ನು ಉಳಿದಿರುವುದು ಕಪ್ಪು. ಬೀದರಿನ ಹೆಸರು ನಿಂತಿರುವುದೇ ಅದರ ಮೇಲೆ.

ಒಂದು ಹಳೆಯ ಡಬ್ಬಿಯಿಂದ ಹಿರಿಯರು ಹಿಡಿಯಷ್ಟು ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. ಮಾಸಲು ಬಣ್ಣ, ಹಿಟ್ಟಿನ ಹಾಗೆ ಹಗುರ. "ಕಿಲ್ಲಾದ ಮಣ್ಣು ರೀ. ಬಿಸಲು ಮಳಿ ತಾಗದ ಜಾಗದಿಂದ ತರಬೇಕು. ನಾಲಗಿಗೆ ಹಚ್ಚಿ ನೋಡ್ತೀವಿ, ರುಚಿ ಇದ್ರ ಮಾತ್ರ ತರ್ತೀವಿ." ಅವರು ಹೇಳಿದ ಮೇಲೆ ನಾನೂ ಒಂದು ಚೂರು ನಾಲಗೆಗೆ ಇಟ್ಟೆ. ಉಪ್ಪೂ ಅಲ್ಲ, ಒಗರೂ ಅಲ್ಲ, ನಾಲಗೆಯ ತುದಿ ತಣ್ಣಗೆ ಚುರ್ ಅಂದಿತು. ಹಳೆಯ ಗೋಡೆಗಳ ಮರೆಯ, ಛಾವಣಿ ಕೆಳಗಿನ ಮಣ್ಣಿನಲ್ಲಿ ಶತಮಾನಗಳಿಂದ ಕೂಡಿಬಂದ ಪೆಟ್ಲುಪ್ಪಿನ ಗುಣ ಅದು. ಬಯಲಿನ ಮಣ್ಣಿನಲ್ಲಿದ್ದ ಆ ಉಪ್ಪನ್ನು ಮಳೆ ತೊಳೆದುಕೊಂಡು ಹೋಗಿರುತ್ತದೆ. ಅದಕ್ಕೇ ಬಿಸಿಲು ಮಳೆಯ ಷರತ್ತು.

ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಕಾಯಿಸಿದ್ದರು. ಪಾತ್ರೆಯನ್ನು ಹದವಾಗಿ ಬಿಸಿಮಾಡಿ ಆ ರಾಡಿಯನ್ನು ಬಟ್ಟೆಯಿಂದ ಮೈಗೆಲ್ಲ ಉಜ್ಜಿದರು. ಮೊದಲು ಏನೂ ಕಾಣಲಿಲ್ಲ. ರಾಡಿಯೇ ಅಂಟಿಕೊಂಡಿತು. ನೀರಿನಲ್ಲಿ ತೊಳೆದು ಎತ್ತಿದಾಗ ಸತು ಕಾಡಿಗೆಯಂತೆ ಕಪ್ಪಾಗಿತ್ತು, ಬೆಳ್ಳಿಗೆ ಏನೂ ಆಗಿರಲಿಲ್ಲ. ಎಳೆದ ಬಳ್ಳಿ, ಕೂರಿಸಿದ ಎಸಳು ಎಲ್ಲ ಒಂದೇ ಸಲಕ್ಕೆ ಎದ್ದು ಬಂದವು. ಮಣ್ಣಿನಲ್ಲಿರುವ ಉಪ್ಪುಗಳು ಮೇಲ್ಮೈಯ ಸತುವನ್ನು ತಿಂದು, ಎರಕದಲ್ಲಿ ಕೊಂಚವೇ ಇರುವ ತಾಮ್ರವನ್ನು ಮೇಲಕ್ಕೆ ಬಿಟ್ಟು ಕಪ್ಪು ಪದರ ಕಟ್ಟಿಸುತ್ತವೆ ಅನ್ನುವುದು ರಸಾಯನಶಾಸ್ತ್ರ ಬಲ್ಲವರ ವಿವರಣೆ. ಹದಿನಾರಕ್ಕೆ ಒಂದು ಅನ್ನುವ ಆ ಒಂದು ಪಾಲು ಯಾಕೆ ಬೇಕಿತ್ತು ಅನ್ನುವುದು ಅಲ್ಲಿಗೆ ಬಗೆಹರಿಯಿತು. ಕೊನೆಗೆ ಎಣ್ಣೆ ಸವರಿದರು. ಕಪ್ಪು ಇನ್ನೂ ಆಳವಾಯಿತು.

ಮಧ್ಯಾಹ್ನ ಕೋಟೆಗೆ ಹೋದೆವು. ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಇರಾನಿನ ಕಸುಬುದಾರರು ಅವನ ಕಾಲದಲ್ಲೇ ಬಂದರು, ಅಬ್ದುಲ್ಲಾ ಬಿನ್ ಕೈಸರ್ ಎಂಬಾತ ಈ ಕಲೆಯನ್ನು ತಂದ ಎಂದು ಬೀದರಿನವರು ಹೇಳುತ್ತಾರೆ. ಕಥೆಯಲ್ಲಿ ಚರಿತ್ರೆ ಎಷ್ಟು ಅನ್ನುವುದು ಹಾಗಿರಲಿ, ಇರಾನಿನ ಕೈ ಈ ಊರಿನ ಮೇಲೆ ಬಿದ್ದಿರುವುದಕ್ಕೆ ಪುರಾವೆ ಎಲ್ಲೆಲ್ಲೂ ಇದೆ. 1472ರ ಗವಾನ್ ಮದರಸಾದ ಗೋಡೆಗೆ ಇನ್ನೂ ಅಂಟಿಕೊಂಡಿರುವ ನೀಲಿ ಹೆಂಚುಗಳನ್ನು ನೋಡಿ. ನೆಲದಡಿಯಲ್ಲಿ ನೀರು ಹರಿಸುವ ನೌಬಾದಿನ ಕರೇಜ್ ನೋಡಿ. ಆ ಮದರಸಾ ಕಟ್ಟಿಸಿದ ಮಂತ್ರಿಯನ್ನು ಚಾಡಿಮಾತು ನಂಬಿ 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಕಲಾಪೋಷಕರ ಆಸ್ಥಾನಗಳ ಬಗ್ಗೆ ಭಾವುಕರಾಗುವವರು ಇದನ್ನೂ ನೆನಪಿಡುವುದು ಒಳ್ಳೆಯದು.

ಕೋಟೆಯೊಳಗೆ ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಸಿಬ್ಬಂದಿಯವರನ್ನು ಕೇಳಿದೆವು, ಬೇಸರವಿಲ್ಲದೆ ತೆಗೆದರು. ಒಳಗಿನ ಬಾಗಿಲಿನ ಕಮಾನಿಗೆ ಕರಿಯ ಕಲ್ಲು, ಆ ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕತ್ತರಿಸಿ ಕೂರಿಸಿದ ಬಳ್ಳಿ, ಅಕ್ಷರ. ಬರೀದಿ ಸುಲ್ತಾನರ ಕಾಲದ, 16ನೇ ಶತಮಾನದ ಕೆಲಸ. ಅಣ್ಣ ಟಾರ್ಚು ಹಾಕಿದ ಕೂಡಲೇ ಅತ್ತಿಗೆ, "ಇದು ಬೆಳಿಗ್ಗೆ ನೋಡಿದ್ದೇ ಅಲ್ಲವೇನ್ರೀ!" ಎಂದರು. ಹೌದು, ಕಲ್ಲಿನಲ್ಲಿ ಮಾಡಿದ ಬಿದರಿ. ಕರಿಯ ಮೈ ಕೊರೆದು ಬಿಳಿಯದನ್ನು ಇಳಿಸುವ ಹುಚ್ಚು ಈ ಊರಿಗೆ ಹಳೆಯದು. ಯಾವುದನ್ನು ನೋಡಿ ಯಾವುದು ಹುಟ್ಟಿತು ಅಂತ ವಾದ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಎರಡನ್ನೂ ಒಂದೇ ದಿನ ನೋಡಿ ಅಂತ ಮಾತ್ರ ಹೇಳುತ್ತೇನೆ, ಮತ್ತು ಮೊದಲು ಕಾರ್ಖಾನೆ, ಆಮೇಲೆ ಕೋಟೆ. ಕೈಗಳ ಕೆಲಸ ನೋಡಿಕೊಂಡು ಹೋದವರಿಗೆ ಆ ಕಮಾನು ಬೇರೆಯೇ ಥರ ಕಾಣುತ್ತದೆ.

ಸಂಜೆ ಮತ್ತೆ ಅದೇ ಅಂಗಡಿ. ಈ ಸಲ ಬೀರು ಮಾತಾಡುತ್ತಿತ್ತು. ಹುಕ್ಕಾದ ಬುಡಗಳು, ಪಾನದಾನಿಗಳು, ನೀರಿನ ಸುರಾಹಿಗಳು ಒಂದು ಕಾಲದಲ್ಲಿ ನವಾಬರ ಮನೆಯ ದಿನಬಳಕೆಯ ಸಾಮಾನುಗಳು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಿದರಿ ಹೋಗಿತ್ತು. ಅಂಥ ಹುಕ್ಕಾ ಬುಡಗಳು ಇವತ್ತಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಹುಕ್ಕಾ ಸೇದುವವರು ಹೋದರು, ಪಾನದಾನಿ ತೆರೆದು ಎಲೆ ಮಡಿಸುವ ಪುರುಸೊತ್ತೂ ಹೋಯಿತು. ಹಾಗಾಗಿ ಈಗ ಬೀರಿನಲ್ಲಿ ಹುಕ್ಕಾದ ಪಕ್ಕ ಪೆನ್ ಡ್ರೈವ್ ಕವಚ, ವಿಸಿಟಿಂಗ್ ಕಾರ್ಡ್ ಡಬ್ಬಿ, ಮೊಬೈಲ್ ಸ್ಟ್ಯಾಂಡು, ಕಿವಿಯೋಲೆ. ಇದನ್ನು ನೋಡಿ ಮೂಗು ಮುರಿಯುವ ರಸಿಕರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನವಾಬನ ಹುಕ್ಕಾವೂ ಅದರ ಕಾಲದ ಮೊಬೈಲ್ ಸ್ಟ್ಯಾಂಡೇ. ಬಳಸುವ ಸಾಮಾನಿನ ಮೇಲೆ ಕೂತಿರುವವರೆಗೆ ಕಸುಬು ಬದುಕಿರುತ್ತದೆ. ಪೆನ್ ಡ್ರೈವಿನ ಬಗ್ಗೆ ನನ್ನ ತಕರಾರು ಒಂದೇ. ಬಿದರಿಯ ಆಯುಷ್ಯ ನೂರಾರು ವರ್ಷ, ಪೆನ್ ಡ್ರೈವಿನದು ಹೆಚ್ಚೆಂದರೆ ಹತ್ತು. ಕಿವಿಯೋಲೆ ವಾಸಿ.

ಚೌಕಾಸಿ ಶುರುವಾಯಿತು. ಅತ್ತಿಗೆ ಈ ವಿದ್ಯೆಯಲ್ಲಿ ಪಳಗಿದವರು. ಅರ್ಧಕ್ಕೆ ಕೇಳಿ, ಎದ್ದು ಹೊರಟಂತೆ ಮಾಡಿ, ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ಹತ್ತು ಸೆಕೆಂಡು ಜಾಸ್ತಿ ನಿಲ್ಲುವುದು ಅವರ ಕ್ರಮ. ಇಲ್ಲಿ ಅರ್ಧಕ್ಕೆ ಕೇಳಲಿಲ್ಲ. ಆ ಹೆಂಗಸು ಇನ್ನೂ ಒಳಗೆ ಕೂತು ಅದೇ ಸುರಾಹಿಯ ಅದೇ ಪಕ್ಕದ ಮೇಲೆ ತಟ್ಟುತ್ತಿದ್ದುದು ಕೇಳಿಸುತ್ತಿತ್ತು. "ನೀವೇ ನ್ಯಾಯವಾಗಿ ಹೇಳಿ ಭಾಯ್," ಎಂದರು. ಹಿರಿಯರು ಕ್ಯಾಲ್ಕುಲೇಟರ್ ಒತ್ತಿ ಬೆಳ್ಳಿಯ ತೂಕ, ಆ ದಿನದ ದರ, ಕೂಲಿ, ತಮ್ಮ ಪಾಲು ಎಲ್ಲ ಬಿಡಿಸಿ ಹೇಳಿ, ಕೊನೆಗೆ ಚಿಲ್ಲರೆ ಬಿಟ್ಟರು. ಬೆಳ್ಳಿಯಲ್ಲಿ ರಿಯಾಯಿತಿ ಕೊಡಲು ಯಾರಿಂದಲೂ ಆಗದು. ಉಳಿಯುವುದು ಕೂಲಿಯ ಬಾಬತ್ತು. ನಾವು ಗೆದ್ದೆವೆಂದು ಬೀಗುವ ನೂರು ಇನ್ನೂರು ರೂಪಾಯಿ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ.

ಮಾಲು ನೋಡಿ ಕೊಳ್ಳುವವರಿಗೆ ಅಂಗಡಿಯವರೇ ಹೇಳಿಕೊಟ್ಟ ಕೆಲವು ಗುರುತುಗಳಿವೆ. ಕಣ್ಣು ಮುಚ್ಚಿ ಚಿತ್ತಾರದ ಮೇಲೆ ಬೆರಳಾಡಿಸಿ. ತಾರ್‌ಕಷಿ ಕೆಲಸದಲ್ಲಿ ಬೆಳ್ಳಿ ಎಲ್ಲಿ ಶುರುವಾಯಿತು ಅಂತ ಬೆರಳಿಗೆ ತಿಳಿಯಬಾರದು. ಕೈಗೆತ್ತಿಕೊಂಡಾಗ ಕಣ್ಣು ಊಹಿಸಿದ್ದಕ್ಕಿಂತ ತೂಕ ಜಾಸ್ತಿ ಇರಬೇಕು. ಎರಡು ಪಕ್ಕದ ಹೂವುಗಳನ್ನು ಹೋಲಿಸಿ ನೋಡಿ. ಎರಡೂ ಪಡಿಯಚ್ಚಿನಂತೆ ಒಂದೇ ಆಗಿದ್ದರೆ ಕೈಕೆಲಸದ ಬಗ್ಗೆ ಸಂಶಯಪಡಿ. ಬೆಳ್ಳಿಯ ಬದಲು ಬಿಳಿ ಬಣ್ಣದ ಅಗ್ಗದ ತಂತಿ ಹಾಕಿದ್ದೂ, ಬರೀ ಕಪ್ಪು ಬಣ್ಣ ಬಳಿದದ್ದೂ ಪೇಟೆಯಲ್ಲಿ ಓಡಾಡುತ್ತವೆ, ವಿಮಾನ ನಿಲ್ದಾಣದ ಗಾಜಿನ ಅಂಗಡಿಗಳಲ್ಲೂ ಕಂಡಿದ್ದೇನೆ. ಬೀದರಿನ ಬಿದರಿಗೆ 2006ರಿಂದ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಕಾಗದದ ಮೇಲಿನ ಆ ರಕ್ಷಣೆ ಅಂಗಡಿಯವರೆಗೆ ಬಂದು ಮುಟ್ಟಬೇಕಾದರೆ ಕೊಳ್ಳುವವರು ಬಿಲ್ಲು ಕೇಳಬೇಕು, ಬಿಲ್ಲಿನಲ್ಲಿ ಬೆಳ್ಳಿಯ ತೂಕ ಬರೆಸಬೇಕು. ಬರೆಯಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಹಾಗಂತ ಹೈದರಾಬಾದಿನಲ್ಲಿ ಸಿಗುವುದೆಲ್ಲ ನಕಲಿ ಅಂದುಕೊಳ್ಳುವುದೂ ಬೇಡ. ಬೀದರ್ ಅಲ್ಲಿನ ನಿಜಾಮರ ಕೈಕೆಳಗಿದ್ದ ಊರು, ಅಲ್ಲೂ ಈ ಕಸುಬಿನವರಿದ್ದಾರೆ.

ಕೊಂಡ ಮೇಲೆ ಮನೆಯಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ನೀರು ತಾಗಿಸಬೇಡಿ, ಸೋಪು, ಹುಣಸೆಹಣ್ಣು, ಬೆಳ್ಳಿ ಪಾಲಿಷ್ ಹತ್ತಿರವೂ ತರಬೇಡಿ. ಪೂಜೆ ಸಾಮಾನಿನ ಜೊತೆ ಇದನ್ನೂ ಹುಣಸೆಹುಳಿ ಹಾಕಿ ತಿಕ್ಕಿದರೆ ಕಪ್ಪು ಕೆಡುತ್ತದೆ, ಕೋಟೆಯ ಮಣ್ಣು ಮಾಡಿದ್ದನ್ನು ಅಡುಗೆಮನೆ ಅಳಿಸಿದ ಹಾಗೆ. ಮಾಸಿದಾಗ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕೈಜಾರಿಸಬೇಡಿ, ಸತುವಿನ ಎರಕ ಹಿತ್ತಾಳೆಯ ಹಾಗೆ ತಗ್ಗುಬಿದ್ದು ಸುಮ್ಮನಾಗುವುದಿಲ್ಲ, ಮುರಿಯುವುದುಂಟು.

ಅಂಗಡಿಯ ಗೋಡೆಯ ಮೇಲೆ ಪತ್ರಿಕೆಯ ಒಂದು ತುಣುಕು ಅಂಟಿಸಿದ್ದರು. ಇದೇ ಊರಿನ ಬಿದರಿ ಕಸುಬುದಾರ ಷಾ ರಷೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗಿನ ಸುದ್ದಿ. ಹಿರಿಯರು ಅದನ್ನು ತಮ್ಮ ಮನೆಯವರಿಗೇ ಬಂದಷ್ಟು ಸಂತೋಷದಿಂದ ತೋರಿಸಿದರು. ಆಮೇಲೆ ಒಳಗಿನ ಹುಡುಗನ ಕಡೆ ನೋಡಿ, "ಇವನ ಗೆಳೆಯರೆಲ್ಲ ಹೈದರಾಬಾದಿನ್ಯಾಗ ಗಾಡಿ ಹೊಡೀತಾರ. ತಿಂಗಳಿಗೆ ಇಷ್ಟು ಅಂತ ಬರ್ತದ. ಇವ ಯಾಕೋ ಕೂತಾನ," ಎಂದರು. ಹುಡುಗ ಕೇಳಿಸಿಕೊಂಡ, ಉಳಿ ನಿಲ್ಲಿಸಲಿಲ್ಲ.

ಅತ್ತಿಗೆಯ ಪಟ್ಟಿ ಆ ಹೊತ್ತಿಗೆ ಬಹಳ ಚಿಕ್ಕದಾಗಿತ್ತು. 'ಯಾರಿಗಾದರೂ ಕೊಡಲಿಕ್ಕೆ ಇರಲಿ' ಎಂಬ ಸಾಲನ್ನು ಅವರೇ ಹೊಡೆದುಹಾಕಿದರು. ಯಾರಿಗೆ ಅಂತ ಗೊತ್ತಿಲ್ಲದೆ ಕೊಳ್ಳುವ ವಸ್ತು ಇದಲ್ಲ ಅನ್ನಿಸಿರಬೇಕು. ಸಂಗೀತದ ಮೇಷ್ಟ್ರಿಗೆ ಒಂದು ಚಿಕ್ಕ ಡಬ್ಬಿ, ಅಡಿಕೆಗೂ ಆದೀತು, ಲವಂಗಕ್ಕೂ ಆದೀತು. ಪಕ್ಕದ ಮನೆಯವರಿಗೆ ಕಿವಿಯೋಲೆ. ನಿವೃತ್ತರಾಗುವವರಿಗೆ ಆ 'ಸ್ವಲ್ಪ ದೊಡ್ಡದು' ಎಂಬುದರ ಬದಲು ಒಂದು ಗೇಣಿನ, ಆದರೆ ಒತ್ತಾಗಿ ಬೆಳ್ಳಿ ಹಿಡಿದ ಹೂದಾನಿ. ಅಣ್ಣ ತನ್ನ ದುಡ್ಡಿನಲ್ಲಿ ಕಾಗದ ಕತ್ತರಿಸುವ ಒಂದು ಕತ್ತಿ ಕೊಂಡ. ಅವನಿಗೆ ಕಾಗದ ಬರೆಯುವವರು ಯಾರೂ ಇಲ್ಲ.

ಈಗ ನಮ್ಮ ಸಭೆ ಸಮಾರಂಭಗಳನ್ನು ಏರ್ಪಡಿಸುವವರಲ್ಲಿ ಒಂದು ಮಾತು. ಕನ್ನಡ ನಾಡಿನಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಇಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಆ ಕಾಣಿಕೆ ಸಾಮಾನ್ಯವಾಗಿ ಬಂಗಾರದ ಬಣ್ಣದ ಪ್ಲಾಸ್ಟಿಕ್ಕಿನದು ಅಥವಾ ಅಕ್ರಿಲಿಕ್ಕಿನದು, ಅದರ ಮೇಲೆ ಸಂಘದ ಹೆಸರು ಸನ್ಮಾನಿತರ ಹೆಸರಿಗಿಂತ ದೊಡ್ಡದು. ಮನೆಗೆ ತಂದವರು ಅಟ್ಟಕ್ಕೆ ಹಾಕುತ್ತಾರೆ. ಹತ್ತು ಜನರಿಗೆ ಹತ್ತು ಪ್ಲಾಸ್ಟಿಕ್ ತುಂಡು ಕೊಡುವ ಖರ್ಚಿನಲ್ಲಿ ಮುಖ್ಯರಾದ ಒಬ್ಬಿಬ್ಬರಿಗೆ ಅಂಗೈಯಗಲದ ನಿಜವಾದ ಬಿದರಿ ಕೊಡಬಹುದು. ಉಳಿದವರಿಗೆ ಒಂದು ಪುಸ್ತಕ. ಕಾರ್ಯಕ್ರಮದ ಹಿಂದಿನ ದಿನ ಫೋನು ಮಾಡಿದರೆ ಸಿಗುವುದಿಲ್ಲ. ಎರಡು ತಿಂಗಳ ಮೊದಲೇ ಹೇಳಿ, ಮುಂಗಡ ಕೊಡಿ. ಬೆಳ್ಳಿ ಕೊಳ್ಳಲು ಅವರಿಗೆ ಆ ದುಡ್ಡು ಮೊದಲೇ ಬೇಕಾಗುತ್ತದೆ.